ಗುಂಡಿಮೀಮಾಂಸೆ: ಗಾಲ್ಫಿನ ಪರಿಪೂರ್ಣತೆಯ ಕುರಿತು ತೆಂಗಿನಗುಂಡಿ ಕೇಂದ್ರಿತ ಒಂದು ಸೈದ್ಧಾಂತಿಕ ಅನುಸಂಧಾನ

ಸಾರಸಂಗ್ರಹ

ಪ್ರಸ್ತುತ ಸಂಪ್ರಬಂಧವು ಗಾಲ್ಫ್ ಎಂಬ ಕ್ರೀಡಾಸಂಕಥನದಲ್ಲಿ ಅಂತರ್ಗತವಾಗಿರುವ ಪರಿಪೂರ್ಣತೆಯ ಪರಿಕಲ್ಪನೆಯನ್ನು ಕರಾವಳಿಯ ಗುಂಡಿಪ್ರಜ್ಞೆಯೊಂದಿಗೆ ಮುಖಾಮುಖಿಯಾಗಿಸಿ, ತನ್ಮೂಲಕ ಎರಡರ ನಡುವಣ ಅನುಸಂಧಾನದ ನೆಲೆಗಳನ್ನು ಶೋಧಿಸುವ ಒಂದು ವಿನಮ್ರ ಯತ್ನ. ಕ್ಷೇತ್ರಕಾರ್ಯವನ್ನು ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿಯಲ್ಲಿ ನಡೆಸಲಾಗಿದೆ. ಅಲ್ಲಿ ಗಾಲ್ಫ್ ಮೈದಾನ ಇಲ್ಲವೆಂಬುದು ಈ ಅಧ್ಯಯನದ ಮಿತಿಯಲ್ಲ, ವೈಶಿಷ್ಟ್ಯ. ಇಲ್ಲದ ವಸ್ತುವಿನ ಮೇಲೆ ಬರೆದು ಪದವಿ ಪಡೆಯುವ ಪರಂಪರೆ ನಮ್ಮಲ್ಲಿ ಗಟ್ಟಿಯಾಗಿಯೇ ಇದೆ. ಕೀಲಿಪದಗಳು: ಗುಂಡಿ, ಕೋಲು, ಪರಿಪೂರ್ಣತೆ, ಮರಳು, ಬಂಗಡೆ.

1. ಸಂಶೋಧನೆಯ ಪ್ರೇರಣೆ ಮತ್ತು ಪ್ರಕೋಪ

ಪ್ರೇರಣೆಯನ್ನು ಮೊದಲಿಗೇ ಹೇಳಿಬಿಡುವುದು ಶಾಸ್ತ್ರಸಮ್ಮತ. 2021ರ ಮಳೆಗಾಲ. ಪ್ರಬಂಧಕಾರನು ಬೆಂಗಳೂರಿನ ಒಂದು ಕಂಪನಿಯ ಲೆಕ್ಕಪತ್ರ ವಿಭಾಗದವನು. ಕೋವಿಡ್ ದೆಸೆಯಿಂದ ಊರಿಗೆ ಬಂದು, ಹಂಚಿನ ಮಾಡಿನ ಕೆಳಗೆ, ನೆಟ್‌ವರ್ಕ್ ಸಿಗುವ ಏಕೈಕ ಮೂಲೆಯಲ್ಲಿ, ಬಲೆಯ ರಾಶಿಗೆ ಒರಗಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೆಲಸ ಮಾಡುತ್ತಿದ್ದನು. ಜೂನ್ ಮತ್ತು ಜುಲೈ, ಒಟ್ಟು 61 ದಿನ, ಯಾಂತ್ರೀಕೃತ ದೋಣಿಗಳು ಕಡಲಿಗಿಳಿಯುವಂತಿಲ್ಲ. ಹೀಗಾಗಿ ಸೋದರಮಾವನೂ ಮನೆಯಲ್ಲೇ ಇದ್ದ. ಅದೇ ಬಲೆಯ ಇನ್ನೊಂದು ತುದಿಯಲ್ಲಿ ಕೂತು ಹರಿದ ಕಣ್ಣುಗಳನ್ನು ಒಂದೊಂದಾಗಿ ಕಟ್ಟುತ್ತಿದ್ದ.

ಕಂಪನಿಗೆ ಆಗ ಹೊಳೆದದ್ದು ಪರಿಪೂರ್ಣತೆ. ನೌಕರರೆಲ್ಲ ತಮ್ಮತಮ್ಮ ಊರು ಸೇರಿ ಸಡಿಲಾಗಿದ್ದಾರೆ, ಬಿಗಿ ಮಾಡಬೇಕು ಎಂದು ಆರು ವಾರದ ಆನ್‌ಲೈನ್ ತರಬೇತಿ ಇಟ್ಟರು. ಮೊದಲ ದಿನ ತರಬೇತುದಾರರು ಪರದೆಯ ಮೇಲೆ ಮೂಡಿದರು. ಬೆನ್ನ ಹಿಂದೆ ಹಸಿರು ಹುಲ್ಲಿನ ಚಿತ್ರ, ಕೈಯಲ್ಲಿ ಹೊಳೆಯುವ ಗಾಲ್ಫ್ ಕೋಲು. ಗಾಲ್ಫ್ ಆಟವಲ್ಲ, ಅದೊಂದು ಮನೋಭೂಮಿಕೆ ಅಂದರು. ಬದುಕೆಂದರೆ ಹದಿನೆಂಟು ಗುಂಡಿ ಅಂದರು. ಕಣ್ಣು ಮುಚ್ಚಿಕೊಳ್ಳಿ ಅಂದರು. ಮುಚ್ಚಿಕೊಂಡೆವು. ಆಮೇಲೆ ದನಿ ತಗ್ಗಿಸಿ, ದೇವಸ್ಥಾನದ ಗರ್ಭಗುಡಿಯಲ್ಲಿ ಮಾತಾಡುವ ಹಾಗೆ, ಹೇಳಿದರು: "ಗುಂಡಿಯನ್ನೇ ನೋಡಿ. ಗುಂಡಿಯನ್ನೇ ಉಸಿರಾಡಿ. ನೀವೇ ಗುಂಡಿಯಾಗಿ."

ಮಾವ ಬಲೆಯಿಂದ ತಲೆಯೆತ್ತಿ ಕೇಳಿದ: "ಎಂತದಾ ತಮಾ, ಆಪೀಸ್ನೋರು ಬಾವಿ ತೋಡೂಕೆ ಹೇಳ್ತ್ರಾ?"

ನನ್ನ ಮೈಕು ತೆರೆದೇ ಇತ್ತು. ಎಂಬತ್ತು ಜನ ಕೇಳಿಸಿಕೊಂಡರು. ಪ್ರಸ್ತುತ ಅಧ್ಯಯನದ ಮೂಲಬೀಜ ಅಲ್ಲಿ ಬಿತ್ತು.

2. ವ್ಯುತ್ಪತ್ತಿ ವಿಚಾರ

ಯಾವ ವಿಷಯವನ್ನೇ ಆಗಲಿ ಅದರ ಹೆಸರಿನಿಂದ ಶುರುಮಾಡಿ, ಹೆಸರಿನಲ್ಲೇ ಮೂವತ್ತು ಪುಟ ಕಳೆದು, ವಿಷಯಕ್ಕೆ ಬರುವಷ್ಟರಲ್ಲಿ ಓದುಗ ಎದ್ದು ಹೋಗಿರುವಂತೆ ನೋಡಿಕೊಳ್ಳುವುದು ನಮ್ಮ ವಿದ್ವತ್ತಿನ ಕ್ರಮ. ಅದನ್ನೇ ಅನುಸರಿಸಲಾಗಿದೆ.

ಗಾಲ್ಫ್ ಪದದ ಬೇರು ಡಚ್ ಭಾಷೆಯ 'ಕೊಲ್ಫ್', ಅಂದರೆ ದೊಣ್ಣೆ, ಎಂದು ಪಾಶ್ಚಾತ್ಯರ ಅಭಿಪ್ರಾಯ. ಕನ್ನಡದಲ್ಲಿ ಇದೇ ಅರ್ಥಕ್ಕೆ 'ಕೋಲು'. ಇನ್ನು ವಾದಕ್ಕೆ ಜಾಗವೆಲ್ಲಿದೆ? ಉಳಿದಿರುವುದು ಕೊನೆಯ 'ಫ್' ಕಾರದ ಸಮಸ್ಯೆ ಮಾತ್ರ. ಹೊಡೆತ ತಪ್ಪಿದಾಗ ಆಟಗಾರ ಬಿಡುವ ನಿಟ್ಟುಸಿರು ಕಾಲಕ್ರಮೇಣ ಪದಕ್ಕೆ ಅಂಟಿಕೊಂಡಿದೆ: ಕೋಲು + ಉಫ್ = ಕೋಲುಫ್. ಇದು ಲೋಪಸಂಧಿ ಎಂಬುದನ್ನು ಏಳನೇ ತರಗತಿಯ ಮಕ್ಕಳೂ ಹೇಳಬಲ್ಲರು.

ಈ ಆಟ ಕನ್ನಡ ಕರಾವಳಿಯಿಂದಲೇ ಪಶ್ಚಿಮಕ್ಕೆ ಹೋಯಿತೆಂದು ಸಾಧಿಸಲು ಒಂದು ಸಣ್ಣ ಅಡ್ಡಿಯಿದೆ. ಸ್ಕಾಟ್ಲೆಂಡಿನ ಸಂಸತ್ತು 1457ರಲ್ಲೇ ಗಾಲ್ಫನ್ನು ನಿಷೇಧಿಸಿತ್ತು. ಜನ ಬಿಲ್ಲುವಿದ್ಯೆ ಬಿಟ್ಟು ಇದರ ಹಿಂದೆ ಬಿದ್ದಿದ್ದಾರೆ ಎಂಬುದು ದೊರೆ ಎರಡನೇ ಜೇಮ್ಸನ ದೂರು. ವಾಸ್ಕೋ ಡ ಗಾಮ ಕಲ್ಲಿಕೋಟೆಗೆ ಬಂದದ್ದು 1498ರಲ್ಲಿ, ಅವನ ಹಡಗುಗಳು ಭಟ್ಕಳದ ಮೇಲೆ ಎರಗಿದ್ದು 1502ರಲ್ಲಿ. ಅಂದರೆ ಆಟ ನಮ್ಮಿಂದ ಹೋಗುವ ಮೊದಲೇ ಅಲ್ಲಿ ನಿಷೇಧವಾಗಿತ್ತು. ಈ 41 ವರ್ಷಗಳ ತೊಡಕನ್ನು ಪ್ರಬಂಧಕಾರನು ನಿರ್ಲಕ್ಷಿಸಿದ್ದಾನೆ. ಪೂರ್ವಸೂರಿಗಳು ಇದಕ್ಕಿಂತ ದೊಡ್ಡ ತೊಡಕುಗಳನ್ನು ನಿರ್ಲಕ್ಷಿಸಿ ಸನ್ಮಾನಿತರಾಗಿದ್ದಾರೆ.

ಇನ್ನು ಊರಿನ ಹೆಸರಿನಲ್ಲೇ ಗುಂಡಿ ಇರುವುದನ್ನು ಕಾಕತಾಳೀಯ ಎನ್ನಲು ಬರುವುದಿಲ್ಲ. ಅದಿರುವುದರಿಂದ ಈ ಜನಪದದಲ್ಲಿ ಒಂದು ಸಾಮೂಹಿಕ ಗುಂಡ್ಯುನ್ಮುಖತೆ ರೂಪುಗೊಂಡಿದೆ. ಗುಂಡಿ ಎಂಬ ಅಚ್ಚಗನ್ನಡಕ್ಕೆ ಉನ್ಮುಖತೆ ಎಂಬ ಸಂಸ್ಕೃತವನ್ನು ಯಣ್ ಸಂಧಿಯಿಂದ ಬೆಸೆದದ್ದು ಅರಿಸಮಾಸವಾಯಿತೆಂದು ಕೇಶಿರಾಜ ಸಿಟ್ಟಾದರೆ ಆಗಲಿ. ಅವನು ಆರು ವಾರದ ತರಬೇತಿಗೆ ಕೂತವನಲ್ಲ. ಈ ಉನ್ಮುಖತೆಗೆ ಪುರಾವೆಯಾಗಿ ಶಾಲೆಯ ಹಿಂದಿನ ಬಯಲಿನಲ್ಲಿ ಗೋಲಿ ಆಡುವ ಮಕ್ಕಳನ್ನು ವೀಕ್ಷಿಸಲಾಯಿತು. ಹಿಮ್ಮಡಿ ಊರಿ ತಿರುಗಿ ಮಾಡಿದ ಮೂರು ಕುಳಿ, ಅಳತೆ ಗೇಣು ಮತ್ತು ಚೋಟು. ಮಧ್ಯದ ಬೆರಳನ್ನು ಬಿಲ್ಲಿನಂತೆ ಹಿಂದೆ ಎಳೆದು ಬಿಟ್ಟರೆ ಗೋಲಿ ಕುಳಿಯ ಅಂಚು ಸುತ್ತಿ ಒಳಗೆ ಬೀಳುತ್ತದೆ. ಬೀಳದಿದ್ದರೆ ಜಗಳ. ಇಷ್ಟರಲ್ಲಿ ಗಾಲ್ಫಿನ ಸಮಸ್ತ ತತ್ತ್ವವೂ ಅಡಕವಾಗಿದೆ, ಸದಸ್ಯತ್ವ ಶುಲ್ಕ ಒಂದನ್ನು ಬಿಟ್ಟು.

(ಹೆದ್ದಾರಿಯ ಗುಂಡಿಗಳಿಗೂ ಗಾಲ್ಫಿಗೂ ಸಂಬಂಧ ಕಲ್ಪಿಸುವ ಹಾಸ್ಯವನ್ನು ಈಗಾಗಲೇ ಎಲ್ಲರೂ ಮಾಡಿ ಮುಗಿಸಿರುವುದರಿಂದ ಕೈಬಿಡಲಾಗಿದೆ.)

3. ಪರಿಪೂರ್ಣತೆಯ ಪರಿಮಾಣಾತ್ಮಕ ಆಯಾಮ

ಅಂಕಿಗಳಿಲ್ಲದ ಅಧ್ಯಯನವನ್ನು ಯಾರೂ ನಂಬುವುದಿಲ್ಲ. ಆದ್ದರಿಂದ: ಗಾಲ್ಫ್ ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರಕೂಡದು. ತೂಕ 45.93 ಗ್ರಾಂ ಮೀರಕೂಡದು. ಗುಂಡಿಯ ಬಾಯಿ ನಾಲ್ಕೂಕಾಲು ಇಂಚು, ಅಂದರೆ 108 ಮಿ.ಮೀ.; ಈ ಅಳತೆ 1891ರಲ್ಲಿ ಕಾಯಂ ಆಯಿತು. ಆಳ ಕನಿಷ್ಠ ನಾಲ್ಕು ಇಂಚು. ಚೀಲದಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲು ಒಯ್ಯುವಂತಿಲ್ಲ.

ಗುಂಡಿ ಹದಿನೆಂಟೇ ಏಕೆ? ನಮ್ಮ ತರಬೇತುದಾರರು ಈ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ಗೀತೆಗೆ ಹದಿನೆಂಟು ಅಧ್ಯಾಯ, ಮಹಾಭಾರತಕ್ಕೆ ಹದಿನೆಂಟು ಪರ್ವ, ಯುದ್ಧ ಹದಿನೆಂಟು ದಿನ, ಆದ್ದರಿಂದ ಗಾಲ್ಫ್. ವಾಸ್ತವದಲ್ಲಿ ನಡೆದದ್ದು ಇಷ್ಟು: ಸೇಂಟ್ ಆಂಡ್ರೂಸ್‌ನಲ್ಲಿ ಒಂದು ಸುತ್ತಿಗೆ 22 ಗುಂಡಿ ಇತ್ತು. 1764ರಲ್ಲಿ, ತೀರಾ ಗಿಡ್ಡವಾಗಿದ್ದ ನಾಲ್ಕನ್ನು ಎರಡು ಮಾಡಿದರು. ಹೋಗುವಾಗಲೂ ಬರುವಾಗಲೂ ಅದೇ ದಾರಿಯಾದ್ದರಿಂದ ಒಟ್ಟಿಗೆ ನಾಲ್ಕು ಕಡಿಮೆಯಾಗಿ 18 ಉಳಿಯಿತು. ಅಂದರೆ ಬ್ರಹ್ಮಾಂಡದ ಪರಿಪೂರ್ಣ ಸಂಖ್ಯೆ ಎಂಬುದು ಮೂಲತಃ ಒಂದು ಜಮೀನು ಪೋಡಿ ಕೆಲಸ.

ಹದಿನೆಂಟು ಗುಂಡಿಗೆ ಹದಿನೆಂಟೇ ಏಟು ಹೊಡೆದರೆ ಅದು ಶುದ್ಧ ಪರಿಪೂರ್ಣತೆ. ಅಮೆರಿಕದ ಪಿಜಿಎ ಟೂರ್‌ನಲ್ಲಿ ಒಂದು ಸುತ್ತಿನ ಅತಿ ಕಡಿಮೆ ಏಟು 58. 2016ರಲ್ಲಿ ಜಿಮ್ ಫ್ಯೂರಿಕ್ ಹೊಡೆದದ್ದು. ಜಗತ್ತಿನ ಅತ್ಯುತ್ತಮ ಆಟಗಾರರಲ್ಲೊಬ್ಬ ತನ್ನ ಬದುಕಿನ ಅತ್ಯುತ್ತಮ ದಿನದಲ್ಲಿ ಪರಿಪೂರ್ಣತೆಯಿಂದ ನಲವತ್ತು ಏಟು ದೂರ. ಬೆನ್ ಹೋಗನ್ ಎಂಬ ಮಹಾ ಆಟಗಾರನಿಗೆ ಒಮ್ಮೆ ಕನಸು ಬಿತ್ತಂತೆ: ಹದಿನೇಳು ಗುಂಡಿಗೆ ಹದಿನೇಳೇ ಏಟು. ಹದಿನೆಂಟನೆಯದರಲ್ಲಿ ಚೆಂಡು ಅಂಚಿಗೆ ತಾಗಿ ಹೊರಗೆ ಬಂತು. ಎಚ್ಚರವಾದಾಗ ಅವನಿಗೆ ಸಿಟ್ಟು ನೆತ್ತಿಗೇರಿತ್ತಂತೆ. ಕನಸಿನಲ್ಲೂ ಸಿಗದ ಸರಕನ್ನು ನಮಗೆ ಸೋಮವಾರ ಮತ್ತು ಗುರುವಾರ, ಮಧ್ಯಾಹ್ನ 3ರಿಂದ 5ರವರೆಗೆ ಹಂಚಲಾಗುತ್ತಿತ್ತು. ಹಾಜರಿ ಕಡ್ಡಾಯ.

4. ಪರಿಪೂರ್ಣತಾವಾದಿಗಳ ವರ್ಗೀಕರಣ

ಪರಿಪೂರ್ಣತಾವಾದಿಗಳನ್ನು ಹನ್ನೊಂದು ವರ್ಗಗಳಾಗಿ ವಿಂಗಡಿಸಬಹುದು.

(ಅ) ಉಪಕರಣನಿಷ್ಠರು. ತಪ್ಪು ಕೈಯದಲ್ಲ, ಕೋಲಿನದು ಎಂದು ನಂಬಿದವರು. ಇವರ ಚೀಲದಲ್ಲಿ ಹದಿನಾಲ್ಕು ಕೋಲಿದ್ದರೆ ಮನೆಯ ಅಟ್ಟದಲ್ಲಿ ನಲವತ್ತು. ಇವರ ಕರಾವಳಿ ಉಪಶಾಖೆಯವರು ಪ್ರತಿ ಆಗಸ್ಟಿಗೆ ಹೊಸ ಬಲೆ, ಹೊಸ ಎಂಜಿನ್, ಹೊಸ ಫಿಶ್‌ಫೈಂಡರ್ ಕೊಂಡು, ಹಳೆಯ ಸಾಲದ ಮೇಲೆ ಹೊಸ ಸಾಲ ಹೊದೆಸಿ, ಬಂಗಡೆ ಈ ವರ್ಷ ಬಂದೇ ಬರುತ್ತದೆ ಎನ್ನುತ್ತಾರೆ. ವ್ಯತ್ಯಾಸವಿಷ್ಟೆ: ಗಾಲ್ಫಿನವರಿಗೆ ಬ್ಯಾಂಕಿನಿಂದ ನೋಟಿಸು ಬರುವುದಿಲ್ಲ.

(ಆ) ಯಂತ್ರವಾದಿಗಳು. 1969ರಲ್ಲಿ ಹೋಮರ್ ಕೆಲಿ ಎಂಬಾತ 'ದ ಗಾಲ್ಫಿಂಗ್ ಮಶೀನ್' ಎಂಬ ಗ್ರಂಥ ಬರೆದು, ಒಂದು ಬೀಸುವಿಕೆಯನ್ನು 24 ಘಟಕಗಳಾಗಿ ಒಡೆದು, ಪ್ರತಿ ಘಟಕಕ್ಕೂ ಪ್ರಭೇದಗಳನ್ನು ಪಟ್ಟಿಮಾಡಿ, ರೇಖಾಗಣಿತದ ಭಾಷೆಯಲ್ಲಿ ಕಟ್ಟಿಟ್ಟ. ಬಗ್ಗಿ ಹುಲ್ಲಿನ ಮೇಲಿನ ಚೆಂಡಿಗೆ ಹೊಡೆಯುವ ಕ್ರಿಯೆ ಅದನ್ನೋದಿದ ಮೇಲೆ ಹೆರಿಗೆಗಿಂತ ಕ್ಲಿಷ್ಟವೆನಿಸುತ್ತದೆ. ಈ ವರ್ಗಕ್ಕೆ ಸೇರಿದವರನ್ನು ಗೌರವಿಸಬೇಕು, ಅವರ ಹತ್ತಿರ ಕೂರಬಾರದು. ಇದೇ ಮಾದರಿಯಲ್ಲಿ ಪ್ರಬಂಧಕಾರನು ಮಾವನ ಬೀಸುಬಲೆಯ ಎಸೆತವನ್ನು 24 ಘಟಕಗಳಾಗಿ ಒಡೆಯಲು ಹೊರಟನು. ಎಡ ಮೊಣಕೈಗೆ ಬಲೆಯ ಮೂರನೇ ಒಂದು ಭಾಗ ತೂಗುಹಾಕುವುದು ಒಂದು. ಸೀಸದ ಗುಂಡುಗಳ ಅಂಚನ್ನು ಹಲ್ಲಿನಲ್ಲಿ ಕಚ್ಚುವುದು ಎರಡು. ಸೊಂಟ ತಿರುಗಿಸುವುದು ಮೂರು. ಬಿಡುವುದು ನಾಲ್ಕು. ಹಲ್ಲು ಬಿಡುವುದು ಕೈ ಬಿಟ್ಟ ಕೂದಲೆಳೆಯ ನಂತರ, ಇದು ಐದು. ಬಲೆ ನೀರಿನ ಮೇಲೆ ಹರಿವಾಣದಂತೆ ದುಂಡಗೆ ಬಿತ್ತು. ಉಳಿದ ಹತ್ತೊಂಬತ್ತು ಘಟಕ ಎಲ್ಲಿ ಎಂದು ಕೇಳಿದ್ದಕ್ಕೆ ಮಾವ, ಬಲೆಯಲ್ಲಿ ಐದು ನೊಗಲಿ ಸಿಕ್ಕಿದೆ, ಎಣಿಸ್ಕೋ ಅಂದ.

(ಇ) ದಾರ್ಶನಿಕರು. ಗಾಲ್ಫ್ ಆಡದೆ ಗಾಲ್ಫಿನ ಬಗ್ಗೆ ಮಾತಾಡುವವರು. ನಮ್ಮ ತರಬೇತುದಾರರು ಈ ವರ್ಗಕ್ಕೆ ಸೇರಿದವರೆಂಬುದು ನಾಲ್ಕನೇ ವಾರ ಬಯಲಾಯಿತು. ಒಬ್ಬ ಹುಡುಗ ಮುಗ್ಧವಾಗಿ, ಸರ್ ನಿಮ್ಮ ಹ್ಯಾಂಡಿಕ್ಯಾಪ್ ಎಷ್ಟು ಎಂದು ಕೇಳಿದ. ಅವರು, ನಿಜವಾದ ಹ್ಯಾಂಡಿಕ್ಯಾಪ್ ಮನಸ್ಸಿನಲ್ಲಿರುತ್ತದೆ ಅಂದರು.

(ಈ) ರಿಂದ (ಒ) ವರೆಗಿನ ವರ್ಗಗಳನ್ನು ಟಿಪ್ಪಣಿ ಮಾಡಿಟ್ಟಿದ್ದ ಹಾಳೆಯಲ್ಲಿ ಅಮ್ಮ ಒಣ ಶೆಟ್ಲಿ ಕಟ್ಟಿ ಅಕ್ಕನ ಮನೆಗೆ ಕಳಿಸಿದ್ದಾಳೆ. ಅಲ್ಲಿಗೆ ಇದು ಸಾಕು.

5. ಮರಳು ಮತ್ತು ನೀರು: ಒಂದು ತೌಲನಿಕ ವಿವೇಚನೆ

ಗಾಲ್ಫ್ ಮೈದಾನದಲ್ಲಿ ಎರಡು ಅಪಾಯಗಳಿವೆ: ಮರಳಿನ ಕುಳಿ, ನೀರಿನ ಹೊಂಡ. ಎರಡನ್ನೂ ದುಡ್ಡು ಕೊಟ್ಟು ಮಾಡಿಸುತ್ತಾರೆ. ಬೆಂಗಳೂರಿನ ದೊಮ್ಮಲೂರಿನ ಬಳಿ ಚಲ್ಲಘಟ್ಟ ಎಂಬ ಕೆರೆಯಿತ್ತು. ಆ ಕೆರೆಯ ಅಂಗಳದಲ್ಲಿ ಈಗ ಗಾಲ್ಫ್ ಮೈದಾನವಿದೆ. ಅಲ್ಲಿ ಆಟಗಾರರ ಚೆಂಡು ಬೀಳಲಿಕ್ಕೆಂದು ನೀರಿನ ಹೊಂಡಗಳೂ ಇವೆ. ಕೆರೆ ಹೋಗಿ ಹುಲ್ಲಾಗಿ, ಹುಲ್ಲಿನ ನಡುವೆ ಮತ್ತೆ ನೀರಾದ ಈ ಪ್ರಕ್ರಿಯೆಯನ್ನು ಕನ್ನಡದಲ್ಲಿ ಅಭಿವೃದ್ಧಿ ಎನ್ನುತ್ತಾರೆ. ಪ್ರಬಂಧಕಾರನು ಅದಕ್ಕೆ ಜಲಾಪಹರಣಪುನಃಸ್ಥಾಪನ ನ್ಯಾಯ ಎಂಬ ಪಾರಿಭಾಷಿಕವನ್ನು ಸೂಚಿಸುತ್ತಾನೆ.

ತೆಂಗಿನಗುಂಡಿಯಲ್ಲಿ ಈ ಎರಡೂ ಅಪಾಯ ಪುಕ್ಕಟೆ. ವೆಂಕಟಾಪುರ ಹೊಳೆ ಕಡಲು ಸೇರುವ ಅಳಿವೆ ಇಲ್ಲಿದೆ. ಮಳೆಗಾಲದಲ್ಲಿ ಹೊಳೆ ಘಟ್ಟದ ಮಣ್ಣನ್ನು ತಂದು ಸುರಿಯುತ್ತದೆ. ಕಡಲು ಅದನ್ನು ಒಪ್ಪದೆ ಮರಳಿನ ಸಮೇತ ಹಿಂದಕ್ಕೆ ತಳ್ಳುತ್ತದೆ. ಇಬ್ಬರ ಜಗಳದಲ್ಲಿ ಬಾಯಿಗೆ ಅಡ್ಡವಾಗಿ ದಿಣ್ಣೆ ಏಳುತ್ತದೆ. ನಿನ್ನೆ ಇದ್ದ ಜಾಗದಲ್ಲಿ ಇವತ್ತು ಇರುವುದಿಲ್ಲ. ದೋಣಿ ಒಳಗೆ ಬರಬೇಕಾದ ಓಣಿಯೂ ಅದರ ಜೊತೆ ಸರಿಯುತ್ತದೆ. ಇದಕ್ಕೆ 1891ರಲ್ಲಾಗಲಿ ಆಮೇಲಾಗಲಿ ಯಾರೂ ಅಳತೆ ಕಾಯಂ ಮಾಡಿಲ್ಲ.

ಮಾವ ಒಳಗೆ ಬರುವುದನ್ನು ದಡದಲ್ಲಿ ನಿಂತು ನೋಡಿದ್ದೇನೆ. ದಿಣ್ಣೆಯ ಹೊರಗೆ ಎಂಜಿನ್ ಸಣ್ಣಗೆ ಇಟ್ಟು ಕಾಯುತ್ತಾನೆ. ಬೆನ್ನು ನಮ್ಮ ಕಡೆಗೆ. ಅವನು ನೋಡುತ್ತಿರುವುದು ಹಿಂದಿನಿಂದ ಬರುವ ತೆರೆಗಳನ್ನು. ದೊಡ್ಡ ತೆರೆಗಳು ಒಂದರ ಹಿಂದೆ ಒಂದು ಬಂದು ಹೋಗುತ್ತವೆ, ಆಮೇಲೆ ಸ್ವಲ್ಪ ಹೊತ್ತು ನೀರು ಉಸಿರು ಹಿಡಿದ ಹಾಗೆ ಚಪ್ಪಟೆಯಾಗುತ್ತದೆ. ಕೊನೆಯ ದೊಡ್ಡ ತೆರೆ ಮುಂದಕ್ಕೆ ಹೋದ ಕೂಡಲೆ ಅದರ ಬೆನ್ನು ಹತ್ತಬೇಕು. ಬೇಗ ಹತ್ತಿದರೆ ತೆರೆಯ ಮೇಲೇರಿ ಮೂತಿ ಮರಳಿಗೆ ಕುತ್ತುತ್ತದೆ. ತಡವಾದರೆ ಹಿಂದಿನದು ಬಂದು ದೋಣಿಯನ್ನು ಅಡ್ಡ ತಿರುಗಿಸುತ್ತದೆ. ಅಡ್ಡ ತಿರುಗಿದ ದೋಣಿ ಮಗುಚುತ್ತದೆ. ನಡುವೆ ಇರುವ ಸರಿಯಾದ ಹೊತ್ತು ಎಷ್ಟು ಎಂದು ನಾನು ಮೊಬೈಲಿನಲ್ಲಿ ಅಳೆಯಲು ನೋಡಿದೆ. ಒತ್ತಬೇಕಾದ ಗುಂಡಿ ಸಿಗುವಷ್ಟರಲ್ಲಿ ದೋಣಿ ಒಳಗೆ ಬಂದಿತ್ತು.

ಈಗ ಹೋಲಿಕೆ. ಗಾಲ್ಫಿನಲ್ಲಿ ಚೆಂಡು ನೀರಿಗೆ ಬಿದ್ದರೆ ಒಂದು ಏಟಿನ ದಂಡ. ಜೇಬಿನಿಂದ ಇನ್ನೊಂದು ಚೆಂಡು ತೆಗೆದು, ಮೊಣಕಾಲಿನ ಎತ್ತರದಿಂದ ಬಿಟ್ಟು, ಆಟ ಮುಂದುವರಿಸಬಹುದು. ನಿಯಮ ಸ್ಪಷ್ಟವಾಗಿದೆ. ದೋಣಿ ನೀರಿಗೆ ಬಿದ್ದರೆ ಜೇಬಿನಲ್ಲಿ ಇನ್ನೊಂದು ಇರುವುದಿಲ್ಲ. ಈ ಕರಾವಳಿಯಲ್ಲಿ ಭಟ್ಕಳದಿಂದ ಹೊನ್ನಾವರ, ಕುಮಟಾದವರೆಗೆ ಯಾವ ಅಳಿವೆಯ ಹತ್ತಿರ ಹೋಗಿ ಕೇಳಿದರೂ ಹೂಳಿನ ಮಾತು ಬರುತ್ತದೆ. ಅದರ ಹಿಂದೆ ಒಂದು ಮನೆಯ ಹೆಸರೂ ಬರುತ್ತದೆ, ಆ ಹೆಸರು ಹೇಳುವಾಗ ದನಿ ತಗ್ಗುತ್ತದೆ. ಅದು ತರಬೇತಿಯಲ್ಲಿ ತಗ್ಗಿಸಿದ ದನಿಯಲ್ಲ.

ಗುರಿ ಎಂಬ ಪರಿಕಲ್ಪನೆಯೂ ಇಲ್ಲಿಯವರಿಗೆ ಹೊಸದಲ್ಲ. ಮುರ್ಡೇಶ್ವರದ ಎದುರಿನ ನೇತ್ರಾಣಿ ದ್ವೀಪವನ್ನು ನೌಕಾಪಡೆ ಗುರಿ ಅಭ್ಯಾಸಕ್ಕೆ ಬಳಸಿದೆ. ಒಂದು ಇಡೀ ಗುಡ್ಡವೇ ಗುಂಡಿಯಾದ ಈ ವಿದ್ಯಮಾನವನ್ನು ಪ್ರತ್ಯೇಕ ಅಧ್ಯಯನಕ್ಕೆ ಬಿಡಲಾಗಿದೆ.

6. ಕ್ಷೇತ್ರಕಾರ್ಯ: 2021ರ ಆಗಸ್ಟ್ 7, ಶನಿವಾರ

ಆ ಬೆಳಿಗ್ಗೆ ಗಾಳಿಯೆದ್ದು ಮಾವ ಕಡಲಿಗೆ ಹೋಗಿರಲಿಲ್ಲ. ಟಿವಿಯಲ್ಲಿ ಟೋಕಿಯೊ ಒಲಿಂಪಿಕ್ಸ್. ಬೆಂಗಳೂರಿನ ಅದಿತಿ ಅಶೋಕ್ ಗಾಲ್ಫಿನ ಕೊನೆಯ ಸುತ್ತು ಆಡುತ್ತಿದ್ದಳು. 23 ವರ್ಷ, ವಿಶ್ವದಲ್ಲಿ 200ನೇ ಕ್ರಮಾಂಕ, ಚೀಲ ಹೊತ್ತು ಪಕ್ಕದಲ್ಲಿ ನಡೆಯುತ್ತಿದ್ದವರು ಅಮ್ಮ. ಕೆಲವು ತಿಂಗಳ ಹಿಂದಷ್ಟೆ ಕೋವಿಡ್ ಬಂದು ಅವಳ ಹೊಡೆತದ ದೂರ ಕುಗ್ಗಿತ್ತು. ದೂರ ಇಲ್ಲದವಳು ಹತ್ತಿರದಲ್ಲಿ ಗೆಲ್ಲಬೇಕು. ಹುಲ್ಲಿನ ಮೇಲೆ ಚೆಂಡು ಉರುಳಿಸುವುದರಲ್ಲಿ ಅವಳನ್ನು ಮೀರಿಸುವವರು ಆ ವಾರ ಕಡಿಮೆ. ಮೊದಲ ಮೂರು ದಿನವೂ ಎರಡನೇ ಸ್ಥಾನದಲ್ಲೇ ಇದ್ದಳು.

ನಮ್ಮ ಮನೆಯಲ್ಲಿ ಯಾರಿಗೂ ಗಾಲ್ಫ್ ಗೊತ್ತಿಲ್ಲ. ಆದರೂ ಚಹಾ ಆರುತ್ತಿತ್ತು. ಅದಿತಿ ಗುಂಡಿಯಿಂದ ಹತ್ತು ಹೆಜ್ಜೆ ದೂರದಲ್ಲಿ ಕುಕ್ಕರುಗಾಲಿನಲ್ಲಿ ಕೂತು ನೋಡಿದಳು. ಎದ್ದು ಆಚೆ ಬದಿಗೆ ಹೋಗಿ ನೋಡಿದಳು. ಮತ್ತೆ ಬಂದು ನಿಂತಳು.

"ಎಂತಾ ಇಷ್ಟೊತ್ತು?" ಅಂದಳು ಅತ್ತೆ.

"ಇಳ್ಜಾರು ನೋಡ್ತದೆ," ಅಂದ ಮಾವ. "ನಾವು ಅಳ್ವೇಲಿ ನಿಂತು ನೋಡೂದಿಲ್ವಾ, ಹಂಗೇ. ನೆಲ ಎತ್ಲಾಗೆ ಎಳಿತದೆ ಹೇಳಿ."

ಆರು ವಾರದಲ್ಲಿ ಹತ್ತು ಪಾಠ ಕೇಳಿದ ನನಗೆ ಗಾಲ್ಫ್ ಅರ್ಥವಾದದ್ದು ಆಗ. ಗುಂಡಿಯನ್ನು ನೋಡುವುದಲ್ಲ. ಗುಂಡಿ ಎಲ್ಲಿಗೂ ಹೋಗುವುದಿಲ್ಲ. ನಡುವಿನ ನೆಲವನ್ನು ನೋಡಬೇಕು.

ನಡುವೆ ಸಿಡಿಲು ಮಳೆ ಬಂದು ಆಟ ನಿಂತಿತು. ಮಳೆ ಹೆಚ್ಚಾಗಿ ಆಟ ರದ್ದಾದರೆ ಪದಕ ಸಿಗಬಹುದೆಂದು ಟಿವಿಯವರು ಲೆಕ್ಕ ಹಾಕಿದರು. ಹಾಗೆ ಸಿಗೂದು ಬ್ಯಾಡ ಅಂದಳು ಅತ್ತೆ. ಮಳೆ ನಿಂತಿತು. ಕೊನೆಯ ಗುಂಡಿಗೆ ಅವಳು ಉರುಳಿಸಿದ ಚೆಂಡು ಹತ್ತಿರ ಹೋಗಿ ಪಕ್ಕಕ್ಕೆ ಸರಿಯಿತು. ನಾಲ್ಕು ದಿನ, 67, 66, 68, 68, ಒಟ್ಟು 269 ಏಟು. ನ್ಯೂಜಿಲೆಂಡಿನ ಲಿಡಿಯಾ ಕೋ 268ಕ್ಕೆ ಕಂಚು ಪಡೆದಳು. ಅದಿತಿ ನಾಲ್ಕನೆಯವಳು.

ಅತ್ತೆ ಎದ್ದು ಒಲೆಯ ಹತ್ತಿರ ಹೋದಳು. ಮಾವ ಟಿವಿ ನೋಡುತ್ತಲೇ ಇದ್ದ. ಅದೇ ಸಂಜೆ ನೀರಜ್ ಚೋಪ್ರಾ ಭರ್ಚಿ ಎಸೆದು ಚಿನ್ನ ಗೆದ್ದ, ಊರಲ್ಲಿ ಪಟಾಕಿ ಸಿಡಿಯಿತು, ನಾಲ್ಕನೆಯ ಸ್ಥಾನದ ಸುದ್ದಿ ಮರುದಿನದ ಪತ್ರಿಕೆಯಲ್ಲಿ ಒಳಪುಟಕ್ಕೆ ಸರಿಯಿತು. ಸರಿಯೇ. ಆದರೆ ಆ 269ರಲ್ಲಿ ಯಾವ ಏಟು ತಪ್ಪು ಎಂದು ಹೇಳಲಿಕ್ಕೆ ನನಗೆ ಇವತ್ತಿಗೂ ಬರುವುದಿಲ್ಲ.

ಆಟದ ಮೇಲೆ ನನಗೆ ಸಿಟ್ಟಿಲ್ಲ ಎಂಬುದನ್ನು ಇಲ್ಲಿಯೇ ದಾಖಲಿಸಬೇಕು. ಬಿಡದಿಯ ಹತ್ತಿರ ಈಗಲ್ಟನ್ ಮೈದಾನದ ಬೇಲಿಯಾಚೆ, ಕೂಲಿ ಮಾಡುವವರ ಮನೆಯಲ್ಲಿ ಬೆಳೆದು, ಕೈಯಾರೆ ಮಾಡಿದ ಕೋಲಿನಲ್ಲಿ ಹೊಡೆಯಲು ಕಲಿತು ವೃತ್ತಿಪರನಾದ ಚಿಕ್ಕರಂಗಪ್ಪನನ್ನು ಕೊಟ್ಟದ್ದೂ ಇದೇ ಆಟ. ಆಟ ಪ್ರಾಮಾಣಿಕ. ತಾನು ತಪ್ಪುಗಳ ಎಣಿಕೆಯೆಂದು ಅದು ಮುಚ್ಚಿಡುವುದಿಲ್ಲ, ಪ್ರತಿ ಗುಂಡಿಗೂ ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತದೆ.

7. ಹ್ಯಾಂಡಿಕ್ಯಾಪಿನ ತಾತ್ತ್ವಿಕತೆ

ಗಾಲ್ಫ್ ಜಗತ್ತಿಗೆ ಕೊಟ್ಟ ದೊಡ್ಡ ವಿಚಾರ ಪರಿಪೂರ್ಣತೆಯಲ್ಲ, ಹ್ಯಾಂಡಿಕ್ಯಾಪ್. ಬಲ್ಲವನೂ ಹೊಸಬನೂ ಜೊತೆಗೆ ಆಡುವಾಗ ಹೊಸಬನಿಗೆ ಅವನ ಶಕ್ತಿ ನೋಡಿ ಇಷ್ಟು ಏಟು ಮಾಫಿ. ಗರಿಷ್ಠ 54ರವರೆಗೆ. ಅಂದರೆ ಹದಿನೆಂಟು ಗುಂಡಿಗೂ ಮೂರು ಮೂರು ಏಟು ಕ್ಷಮೆ. ಕೈಲಾಗದವನನ್ನು ಆಟದಿಂದ ಹೊರಗೆ ಹಾಕದೆ, ಅವನ ತಪ್ಪಿಗೆ ಮೊದಲೇ ಜಾಗ ಮಾಡಿಟ್ಟು, ಬಾ ಕೂಡಿ ಆಡುವಾ ಎನ್ನುವ ಏರ್ಪಾಡು. ಶ್ರೀಮಂತರ ಆಟದಲ್ಲಿ ಇಂಥ ಸಮತೆ ಹೇಗೆ ಹುಟ್ಟಿತೆಂದು ಆಶ್ಚರ್ಯವಾಗುತ್ತದೆ. ಶ್ರೀಮಂತರು ತಮ್ಮತಮ್ಮೊಳಗೆ ಸಮತಾವಾದಿಗಳೇ ಎಂಬುದನ್ನು ನೆನೆದರೆ ಆಶ್ಚರ್ಯ ಕಡಿಮೆಯಾಗುತ್ತದೆ.

ನಮ್ಮ ತರಬೇತಿಯ ಕೊನೆಗೆ ಅಂಕ ಹಾಕಿದರು. ಅದಕ್ಕೂ ಗಾಲ್ಫಿನ ಹೆಸರು, ಮೇಲಿನಿಂದ ಕೆಳಕ್ಕೆ: ಈಗಲ್, ಬರ್ಡಿ, ಪಾರ್, ಬೋಗಿ. ನನಗೆ ಬೋಗಿ ಸಿಕ್ಕಿತು. ಮೈಕು ತೆರೆದಿಟ್ಟದ್ದು, ಕರೆಂಟು ಹೋಗಿ ಎರಡು ಪಾಠ ತಪ್ಪಿದ್ದು, ಗುಂಡಿಯಾಗಲು ನಿರಾಕರಿಸಿದ್ದು, ಎಲ್ಲ ಸೇರಿ. ಅಮ್ಮನಿಗೆ ಹೇಳಿದೆ. ಅವಳು, ರೈಲಲ್ಲಿ ಬರ್ತೀನಿ ಅಂದ್ಯಾ ಅಂದಳು.

ನಗೆಯಾಟ ಇಲ್ಲಿಗೆ ನಿಲ್ಲಿಸುತ್ತೇನೆ. ನಮ್ಮ ವಿಭಾಗದಲ್ಲಿ ಒಬ್ಬಳಿಗೆ ಡಬಲ್ ಬೋಗಿ ಕೊಟ್ಟರು. ಆ ಆರು ವಾರ ಅವಳ ಅಪ್ಪ ಆಸ್ಪತ್ರೆಯಲ್ಲಿದ್ದರು. ಅವಳು ವಾರ್ಡಿನ ಹೊರಗಿನ ಬೆಂಚಿನಲ್ಲಿ ಕೂತು, ಮಾಸ್ಕ್ ಹಾಕಿಕೊಂಡೇ ಪಾಠಕ್ಕೆ ಹಾಜರಿ ಕೊಡುತ್ತಿದ್ದಳು. ಪರದೆಯ ಮೂಲೆಯಲ್ಲಿ ಅವಳ ಹಿಂದೆ ಸ್ಟ್ರೆಚರ್ ಹಾದುಹೋಗುವುದನ್ನು ನಾನು ಕಂಡಿದ್ದೇನೆ, ಎಂಬತ್ತು ಜನರೂ ಕಂಡಿದ್ದಾರೆ, ತರಬೇತುದಾರರೂ ಕಂಡಿದ್ದಾರೆ. ಅವರು ಅವಳಿಗೆ ಹೇಳಿದ್ದು: ಹಿನ್ನೆಲೆ ಮಸುಕು ಮಾಡಿಕೊಳ್ಳಿ, ಏಕಾಗ್ರತೆಗೆ ಭಂಗ ಬರುತ್ತದೆ. ಸೆಪ್ಟೆಂಬರಿನಲ್ಲಿ ಅವಳ ಹೆಸರು ಗುಂಪಿನಿಂದ ಮಾಯವಾಯಿತು. ಅವಳ ಪಾಲಿನ ಹ್ಯಾಂಡಿಕ್ಯಾಪ್ ಯಾರ ಚೀಲದಲ್ಲಿತ್ತು? ಒಂದು ಮಾತು ಆಡಬಹುದಿತ್ತು. ನಾನೂ ಆಡಲಿಲ್ಲ. ಅವತ್ತು ನನ್ನ ಮೈಕು ಸರಿಯಾಗಿ ಮುಚ್ಚಿತ್ತು.

ಪರಿಪೂರ್ಣತೆಯನ್ನು ಬೋಧಿಸುವವರ ಒಂದು ಲಕ್ಷಣವನ್ನು ಈ ಅಧ್ಯಯನ ಗುರುತಿಸಿದೆ. ತಪ್ಪಿದರೆ ಅವರಿಗೆ ಏನೂ ಆಗುವುದಿಲ್ಲ. ಇನ್ನೊಂದು ಚೆಂಡು ಇರುತ್ತದೆ, ಇನ್ನೊಂದು ಕಂಪನಿ ಇರುತ್ತದೆ. ತಪ್ಪಿದರೆ ಮುಳುಗುವವರು ಆ ಪದವನ್ನು ಬಳಸಿದ್ದನ್ನು ನಾನು ಕೇಳಿಲ್ಲ. ಮಾವ ಅಳಿವೆ ದಾಟಿ ಒಳಗೆ ಬಂದಾಗ ಯಾರಾದರೂ ಭಾರಿ ತಂದೆ ಅಂದರೆ, ಇವತ್ತು ಬಿಟ್ತು ಅನ್ನುತ್ತಾನೆ. ಕರ್ತೃ ಕಡಲು. ಅವನು ಬರೀ ಕರ್ಮ.

8. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಿದ್ಧಿಸುವ ತೀರ್ಮಾನಗಳನ್ನು ಕ್ರೋಡೀಕರಿಸುವುದು ವಾಡಿಕೆ. ಅವುಗಳನ್ನು ಬರೆಯಲು ಕೂತ ದಿನ ಸೆಪ್ಟೆಂಬರಿನ ಬಿಸಿಲು ಬಿದ್ದಿತ್ತು. ಮಾವ ಹಿತ್ತಿಲಲ್ಲಿ ತೆಂಗಿನ ಸಸಿ ನೆಡಲು ಗುಂಡಿ ತೋಡುತ್ತಿದ್ದ. ತಗ್ಗಿನ ಜಾಗದಲ್ಲಿ ಜೂನಿನಲ್ಲಿ ನೆಟ್ಟರೆ ನೀರು ನಿಂತು ಸಸಿ ಕೊಳೆಯುತ್ತದೆ. ಮಳೆ ಇಳಿದ ಮೇಲೆ ನೆಡುವುದು ರೂಢಿ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳ. ಟೇಪು ಇರಲಿಲ್ಲ. ಗುದ್ದಲಿಯ ಕಾವನ್ನೇ ಇಳಿಸಿ ನೋಡಿದ. ಅಡಿಗೆ ಮರಳು, ಮೇಲೆ ಬೂದಿ, ಒಂದು ಹಿಡಿ ಕಲ್ಲುಪ್ಪು.

ಸಸಿ ಇಳಿಸಿ, "ನೆಟ್ಟಗಿತ್ತಾ ನೋಡಾ," ಅಂದ. ನಾನು ಒಂದು ಕಣ್ಣು ಮುಚ್ಚಿ ನೋಡಿ, ಸರಿಯಾಗಿದೆ ಅಂದೆ. ಅವನು ಮಣ್ಣು ತುಳಿಯುತ್ತ, "ಎಷ್ಟು ನೆಟ್ಟಗೆ ನೆಟ್ರೂ ಆಮೇಲೆ ಕಡ್ಲ ಬದಿಗೇ ಬಾಗೂದು," ಅಂದ. ಬೇಲಿಯಾಚೆಯ ಹಳೆಯ ಮರಗಳನ್ನು ನೋಡಿದೆ. ಒಂದೂ ನೆಟ್ಟಗಿರಲಿಲ್ಲ. ಎಲ್ಲದರಲ್ಲೂ ಕಾಯಿ ಇತ್ತು.

ಗುದ್ದಲಿ ತೊಳೆಯುವಾಗ ಅವನಿಗೆ ಏನೋ ನೆನಪಾಯಿತು.

"ಹೌದಾ ತಮಾ, ಆ ಹುಡ್ಗಿ ಚೆಂಡು ಹಾಕ್ತಿತ್ತಲ, ಆ ಗುಂಡಿ ಎಷ್ಟು ಆಳ?"

"ನಾಲ್ಕು ಇಂಚು."

ಅವನು ತನ್ನ ಗುಂಡಿಯ ಕಡೆ ನೋಡಿದ. "ಅದ್ರಲ್ಲಿ ಎಂತಾ ಹುಟ್ತದೆ?"

ಈ ಪ್ರಶ್ನೆಯನ್ನು ಮುಂದಿನ ಸಂಶೋಧಕರಿಗೆ ಬಿಡಲಾಗಿದೆ.